ಮುಕ್ತ ತಂತ್ರಾಂಶದ ಆಡಳಿತ ಮಂಡಳಿಗೆ ಕರಾವಳಿಯಿಂದ ಒಂದು ನಾಮಪತ್ರ

(ಮಂಗಳೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸ ಅಂದರೆ ಪಂಪನೋ ರತ್ನಾಕರವರ್ಣಿಯೋ, ಇಲ್ಲವಾದರೆ ಯಕ್ಷಗಾನವೋ ಎಂಬುದು ನಮ್ಮಲ್ಲಿ ವಾಡಿಕೆ. ನಾನು ಚುನಾವಣೆಯ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರಿಗೆ ಸ್ವಲ್ಪ ಅಳುಕಾಯಿತು. ಯಾವ ಪಕ್ಷದ ಹೆಸರೂ ಬರುವುದಿಲ್ಲ ಎಂದು ಮಾತು ಕೊಟ್ಟ ಮೇಲೆಯೇ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋದದ್ದು. ನನ್ನ ವಿಷಯ ಇಷ್ಟು: ಮುಕ್ತ ತಂತ್ರಾಂಶಗಳನ್ನು ನೋಡಿಕೊಳ್ಳುವ ಲಾಭರಹಿತ ಸಂಸ್ಥೆಗಳ ಆಡಳಿತ ಮಂಡಳಿಗೆ ಚುನಾವಣೆ ನಡೆಯುತ್ತದೆ, ಅದರಲ್ಲಿ ನಮ್ಮ ಊರಿನವರು ಯಾಕೆ ನಿಲ್ಲಬೇಕು, ನಿಂತರೆ ಮಾಡಬೇಕಾದ ಕೆಲಸವೇನು.

ಮೂಲ ಸಂಕೇತವನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಹಂಚಬಹುದು. ಅಂಥದ್ದು ಮುಕ್ತ ತಂತ್ರಾಂಶ. ಈ ಮನೋಧರ್ಮ ನಮ್ಮ ಜಿಲ್ಲೆಗೆ ಹೊರಗಿನಿಂದ ಬರಬೇಕಾಗಿಲ್ಲ. ಕಿನ್ನಿಕಂಬಳದ ಪದ್ಮನಾಭ ರಾವ್, ಅಂದರೆ ನಾಡಿಗೆಲ್ಲ ಗೊತ್ತಿರುವ ಕೆ.ಪಿ. ರಾವ್, ಕನ್ನಡಕ್ಕೆ ಒಂದು ಕೀಲಿಮಣೆ ವಿನ್ಯಾಸವನ್ನು ರೂಪಿಸಿ, ಅದರ ಮೇಲೆ ಹಕ್ಕು ಹೂಡದೆ ಎಲ್ಲರಿಗೂ ಬಿಟ್ಟುಕೊಟ್ಟರು. ಇಂದು ತಾಲೂಕು ಕಚೇರಿಯಲ್ಲಿ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡುವ ಗುಮಾಸ್ತರ ಬೆರಳು ಓಡುವುದು ಆ ವಿನ್ಯಾಸದ ಜಾಡಿನಲ್ಲೇ.

ಆದರೆ ಒಬ್ಬರು ಬಿಟ್ಟುಕೊಡುವುದು ಬೇರೆ, ಬಿಟ್ಟುಕೊಟ್ಟದ್ದನ್ನು ಕೋಟ್ಯಂತರ ಜನ ಬಳಸುವಾಗ ಕಾಪಾಡುವುದು ಬೇರೆ. ಸರ್ವರ್‌ಗೆ ಬಾಡಿಗೆ ಕಟ್ಟಬೇಕು, ನೌಕರರಿಗೆ ಸಂಬಳ ಕೊಡಬೇಕು, ಹೆಸರನ್ನೂ ಲಾಂಛನವನ್ನೂ ಬೇರೆಯವರು ಕದಿಯದಂತೆ ನೋಡಬೇಕು, ಕೋರ್ಟಿನಿಂದ ನೋಟಿಸು ಬಂದರೆ ಉತ್ತರಿಸಬೇಕು. ಅದಕ್ಕೊಂದು ಸಂಸ್ಥೆ ಬೇಕು. ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕಲಿಸುವ ಪೈಥಾನ್ ಭಾಷೆಯ ಹಿಂದೆ 2001ರಲ್ಲಿ ಹುಟ್ಟಿದ ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ ಇದೆ. ಜನರೇ ಕೂಡಿ ಬರೆದ ಭೂಪಟಕ್ಕೆ 2006ರಲ್ಲಿ ಇಂಗ್ಲೆಂಡಿನಲ್ಲಿ ನೋಂದಣಿಯಾದ ಓಪನ್‌ಸ್ಟ್ರೀಟ್‌ಮ್ಯಾಪ್ ಫೌಂಡೇಶನ್ ಇದೆ. ತುಳು ವಿಕಿಪೀಡಿಯ ಓಡುವುದು ಮೀಡಿಯಾವಿಕಿ ಎಂಬ ಮುಕ್ತ ತಂತ್ರಾಂಶದ ಮೇಲೆ; ಅದನ್ನು ನೋಡಿಕೊಳ್ಳುವುದು 2003ರಲ್ಲಿ ಶುರುವಾದ ವಿಕಿಮೀಡಿಯಾ ಫೌಂಡೇಶನ್. ಇವುಗಳ ನಿರ್ದೇಶಕರಿಗೆ ಆ ಕೆಲಸಕ್ಕೆ ಸಂಬಳವಿಲ್ಲ. ಮತ ಹಾಕಿ ಅವರನ್ನು, ವಿಕಿಮೀಡಿಯಾದಲ್ಲಾದರೆ ಅವರಲ್ಲಿ ಕೆಲವರನ್ನು, ಆರಿಸುವವರು ಕೋಡ್ ಬರೆದವರು, ಲೇಖನ ತಿದ್ದಿದವರು, ನಕ್ಷೆಯಲ್ಲಿ ಗಲ್ಲಿ ಗುರುತಿಸಿದವರು.

ಎಲ್ಲ ಸಂಸ್ಥೆಗಳೂ ಹೀಗಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಲಿನಕ್ಸ್ ಫೌಂಡೇಶನ್ ದೊಡ್ಡ ಹೆಸರು. ಆದರೆ ಅದು ಉದ್ದಿಮೆಗಳ ಒಕ್ಕೂಟ. ದೊಡ್ಡ ಮೊತ್ತದ ಸದಸ್ಯತ್ವ ಕಟ್ಟಿದ ಕಂಪನಿಗಳಿಗೆ ಅಲ್ಲಿ ಮಂಡಳಿಯ ಕುರ್ಚಿ. ವೈಯಕ್ತಿಕ ಸದಸ್ಯರು ಮತ ಹಾಕಿ ನಿರ್ದೇಶಕರನ್ನು ಆರಿಸುವ ಅವಕಾಶ ಒಂದು ಕಾಲಕ್ಕೆ ಇತ್ತು, 2016ರಲ್ಲಿ ಅದನ್ನು ತೆಗೆದುಹಾಕಿದರು. ಹಾಗಾಗಿ 'ಮುಕ್ತ' ಎಂದು ಬೋರ್ಡು ಹಾಕಿದ ಮಾತ್ರಕ್ಕೆ ಒಳಗೆ ಚುನಾವಣೆ ಇದೆ ಎಂದುಕೊಳ್ಳಬೇಡಿ. ಬೈಲಾ ಓದಿ.

ಮಂಡಳಿಯವರು ಕೂತು ಮಾಡುವುದೇನು? ತಂತ್ರಾಂಶದಲ್ಲಿ ಯಾವ ಹೊಸ ಸೌಲಭ್ಯ ಬರಬೇಕೆಂದು ಅವರು ತೀರ್ಮಾನಿಸುವುದಿಲ್ಲ. ಅದಕ್ಕೆ ಬೇರೆ ತಂಡಗಳಿವೆ. ಮಂಡಳಿಯ ಮುಂದೆ ಬರುವುದು ಬಜೆಟ್, ಲೆಕ್ಕಪರಿಶೋಧಕರ ವರದಿ, ಮುಖ್ಯ ಕಾರ್ಯನಿರ್ವಾಹಕರ ನೇಮಕ, ಅನುದಾನದ ಕರಾರು. ಒಂದು ಉದಾಹರಣೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪೈಥಾನ್ ಫೌಂಡೇಶನ್ನಿಗೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ 15 ಲಕ್ಷ ಡಾಲರ್ ಅನುದಾನ ಸಿಗುವ ಹಂತಕ್ಕೆ ಬಂದಿತ್ತು. ಪೈಥಾನ್ ಪೊಟ್ಟಣಗಳಲ್ಲಿ ಯಾರೂ ದುಷ್ಟ ಕೋಡ್ ತುರುಕದಂತೆ ಭದ್ರತೆ ಬಿಗಿಗೊಳಿಸುವ ಕೆಲಸಕ್ಕೆ ಆ ಹಣ. ವರ್ಷದ ಇಡೀ ಬಜೆಟ್ಟೇ 50 ಲಕ್ಷ ಡಾಲರ್ ಆಸುಪಾಸು ಇರುವ ಸಂಸ್ಥೆಗೆ ಇದು ಸಣ್ಣ ಮೊತ್ತವಲ್ಲ. ಕರಾರಿನಲ್ಲಿ ಒಂದು ಷರತ್ತಿತ್ತು: ವೈವಿಧ್ಯ, ಸಮಾನತೆ, ಒಳಗೊಳ್ಳುವಿಕೆಯನ್ನು ಬೆಳೆಸುವ ಕಾರ್ಯಕ್ರಮಗಳನ್ನು ಸಂಸ್ಥೆ ನಡೆಸಕೂಡದು. ಷರತ್ತು ಆ ಒಂದು ಯೋಜನೆಗೆ ಸೀಮಿತವಲ್ಲ, ಇಡೀ ಸಂಸ್ಥೆಗೆ. ಮೀರಿದರೆ ಕೊಟ್ಟ ಹಣವನ್ನೂ ವಾಪಸು ಕೇಳಬಹುದು. ಖರ್ಚಾಗಿ ಹೋದ ಹಣವನ್ನು ಎಲ್ಲಿಂದ ತಂದು ಕೊಡುವುದು? ಮಂಡಳಿ ಸರ್ವಾನುಮತದಿಂದ ಅರ್ಜಿ ಹಿಂತೆಗೆದುಕೊಂಡಿತು. 2025ರ ಅಕ್ಟೋಬರಿನಲ್ಲಿ ಅದನ್ನು ಬಹಿರಂಗವಾಗಿ ಪ್ರಕಟಿಸಿತು. ಆ ಷರತ್ತಿನ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಮೇಜಿನ ಸುತ್ತ ಕೂತವರ ಮುಂದಿದ್ದ ಪ್ರಶ್ನೆ ನೋಡಿ. ಅದರಲ್ಲಿ ಪೈಥಾನ್ ಭಾಷೆಯ ಒಂದು ಸಾಲೂ ಇಲ್ಲ. ಕರಾರಿನ ಕೊನೆಯ ಪುಟದ ಸಣ್ಣಕ್ಷರವನ್ನು ಓದಿ, ಅದರ ಭಾರ ಅಳೆದು, ಬೇಡ ಎನ್ನಬಲ್ಲವರು ಅಲ್ಲಿ ಬೇಕಾಗಿತ್ತು.

ಈ ಮಂಡಳಿಯಲ್ಲಿ ಭಾರತೀಯರಿಗೆ ಪ್ರವೇಶವಿಲ್ಲ ಎಂದೇನಿಲ್ಲ. ಭಾರತದ ಕೊಡುಗೆದಾರ ಕುಶಾಲ್ ದಾಸ್ 2022ರ ಚುನಾವಣೆಯಲ್ಲಿ ಗೆದ್ದ ನಾಲ್ವರಲ್ಲಿ ಒಬ್ಬರು. ಬೆಂಗಳೂರಿನಲ್ಲಿ 2009ರಲ್ಲಿ ಶುರುವಾದ ಪೈಕಾನ್ ಇಂಡಿಯಾ ಸಮ್ಮೇಳನ ಈ ದೇಶದ ಪೈಥಾನ್ ಬಳಗವನ್ನು ಬೆಳೆಸಿತು. ಬಳಗ ಬೆಳೆದರೆ ಅಭ್ಯರ್ಥಿಗಳು ಹುಟ್ಟುತ್ತಾರೆ.

ಈಗ ಮತದಾನದ ರೀತಿ. ಇಲ್ಲಿ ಕೂತಿರುವ ಅಧ್ಯಾಪಕರಿಗೆ ಇದನ್ನು ವಿವರಿಸುವುದು ಸುಲಭ, ಯಾಕೆಂದರೆ ನೀವು ವಿಧಾನ ಪರಿಷತ್ತಿನ ನೈಋತ್ಯ ಶಿಕ್ಷಕರ ಕ್ಷೇತ್ರದ, ನೈಋತ್ಯ ಪದವೀಧರ ಕ್ಷೇತ್ರದ ಮತದಾರರು. ನೇರಳೆ ಪೆನ್ನು ಹಿಡಿದು ಅಭ್ಯರ್ಥಿಗಳ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆದವರು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಅದೇ ಪದ್ಧತಿ, ವಿಕಿಮೀಡಿಯಾ 2021ರಲ್ಲಿ ಬಳಸಿದ್ದೂ ಅದೇ. ವ್ಯತ್ಯಾಸ ಒಂದೇ, ಅಲ್ಲಿ ಒಂದಕ್ಕಿಂತ ಹೆಚ್ಚು ಸ್ಥಾನ ಒಟ್ಟಿಗೆ ತುಂಬುತ್ತದೆ. ಸಾವಿರ ಸಿಂಧು ಮತ, ನಾಲ್ಕು ಸ್ಥಾನ ಇದೆ ಎನ್ನಿ. ಸಾವಿರವನ್ನು ಐದರಿಂದ ಭಾಗಿಸಿ ಒಂದು ಕೂಡಿಸಿ: 201 ಮತ ಬಿದ್ದವರು ಗೆದ್ದರು. ಒಬ್ಬರಿಗೆ 260 ಬಿದ್ದರೆ ಹೆಚ್ಚುವರಿ 59 ಮತದ ಬೆಲೆ ಆ ಮತದಾರರ ಎರಡನೇ ಪ್ರಾಶಸ್ತ್ಯದವರಿಗೆ ಹಂಚಿಹೋಗುತ್ತದೆ. ಯಾರೂ 201 ಮುಟ್ಟದಿದ್ದರೆ ಕೊನೆಯವರನ್ನು ಕೈಬಿಟ್ಟು ಅವರ ಮತಗಳನ್ನು ಮುಂದಿನ ಪ್ರಾಶಸ್ತ್ಯಕ್ಕೆ ಸಾಗಿಸುತ್ತಾರೆ. ಸಣ್ಣ ಭಾಷೆಯ ಸಮುದಾಯಕ್ಕೆ ಈ ಪದ್ಧತಿಯಲ್ಲಿ ಬಲವಿದೆ. ತುಳುವಿನವರು ಇನ್ನೂರು ಮಂದಿ ಇಲ್ಲದಿರಬಹುದು. ಕನ್ನಡ, ತೆಲುಗು, ಮಲಯಾಳ, ಬಂಗಾಳಿಯವರ ಎರಡನೇ, ಮೂರನೇ ಪ್ರಾಶಸ್ತ್ಯ ಹರಿದು ಬಂದರೆ ದಡ ಸೇರಬಹುದು.

ಸೇರಬಹುದು ಎಂದೆ, ಸೇರುತ್ತಾರೆ ಎನ್ನಲಿಲ್ಲ. 2021ರಲ್ಲಿ ವಿಕಿಮೀಡಿಯಾ ಮಂಡಳಿಯ ನಾಲ್ಕು ಸ್ಥಾನಕ್ಕೆ ಇಪ್ಪತ್ತರ ಹತ್ತಿರ ಅಭ್ಯರ್ಥಿಗಳಿದ್ದರು. ತಮಿಳು, ತೆಲುಗು ವಿಕಿಪೀಡಿಯದಲ್ಲಿ ದುಡಿದವರೂ ಕಣದಲ್ಲಿದ್ದರು. ಗೆದ್ದ ನಾಲ್ವರಲ್ಲಿ ಭಾರತದವರು ಒಬ್ಬರೂ ಇರಲಿಲ್ಲ. ಹಿಂದೆ 2010ರಲ್ಲಿ ಮುಂಬಯಿಯ ಬಿಶಾಖಾ ದತ್ತ ಅದೇ ಮಂಡಳಿಯಲ್ಲಿದ್ದರು, ಆದರೆ ನೇಮಕದ ಮೂಲಕ. ಭಾರತದ ಅಭ್ಯರ್ಥಿಗಳ ಸಂಖ್ಯೆ ಹೆಚ್ಚಾಗಿ ಮತ ಒಡೆಯಿತು ಎಂದು ಕೆಲವರು ಹೇಳುವುದುಂಟು. ನಾನು ಒಪ್ಪುವುದಿಲ್ಲ. ಪ್ರಾಶಸ್ತ್ಯದ ಮತ ಒಡೆಯುವುದು ಮತದಾರ ಒಂದೇ ಹೆಸರು ಬರೆದು ಪೆನ್ನು ಕೆಳಗಿಟ್ಟಾಗ. ಪದವೀಧರ ಕ್ಷೇತ್ರದಲ್ಲಿ ಬೂತಿನ ಹೊರಗೆ ನಿಂತ ಏಜೆಂಟರು "ಸರ್, ನಮ್ಮವರಿಗೆ ಒಂದು ಹಾಕಿ ಸಾಕು, ಎರಡು ಮೂರು ಬೇಡ" ಎಂದು ಕಿವಿಯಲ್ಲಿ ಹೇಳುತ್ತಾರಲ್ಲ, ಆ ಸಲಹೆಯನ್ನು ಇಲ್ಲಿ ಮಾತ್ರ ಕೇಳಬಾರದು. ಕೊನೆಯ ಹೆಸರಿನವರೆಗೂ ಅಂಕಿ ಬರೆಯಬೇಕು.

ಮತದಾರರು ಯಾರು? ವಿಕಿಮೀಡಿಯಾದಲ್ಲಿ ಒಟ್ಟು 300 ತಿದ್ದುಪಡಿ ಮಾಡಿರಬೇಕು, ಇತ್ತೀಚಿನ ತಿಂಗಳುಗಳಲ್ಲಿ 20 ಮಾಡಿರಬೇಕು. ಯಾವ ಭಾಷೆಯ ವಿಕಿಪೀಡಿಯ ಎಂದು ಕೇಳುವುದಿಲ್ಲ. ತಂತ್ರಾಂಶಕ್ಕೆ ಕೋಡ್ ಕೊಟ್ಟವರಿಗೂ ಮತವಿದೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ವರ್ಷಕ್ಕೆ 15 ಪೌಂಡ್ ಕಟ್ಟಿ ಸದಸ್ಯರಾಗಬಹುದು. ವರ್ಷದಲ್ಲಿ 42 ದಿನ ನಕ್ಷೆಯ ಕೆಲಸ ಮಾಡಿದವರಿಗೆ ಸದಸ್ಯತ್ವ ಉಚಿತ. ಗ್ನೋಮ್ ಎಂಬ ಡೆಸ್ಕ್‌ಟಾಪ್ ತಂತ್ರಾಂಶದ ಫೌಂಡೇಶನ್ನಿನಲ್ಲಿ ಅನುವಾದಕರೂ ಸದಸ್ಯರಾಗಬಹುದು, ಅಂದರೆ ಕಂಪ್ಯೂಟರಿನ ಮೆನುವನ್ನು ಕನ್ನಡಕ್ಕೆ ತಂದವರೂ. ಅಲ್ಲಿ ಇನ್ನೊಂದು ಒಳ್ಳೆಯ ನಿಯಮವಿದೆ. ಒಂದೇ ಕಂಪನಿಗೆ ಸೇರಿದವರು ಮಂಡಳಿಯ ಶೇಕಡಾ 40ಕ್ಕಿಂತ ಹೆಚ್ಚು ಕುರ್ಚಿ ಹಿಡಿಯುವಂತಿಲ್ಲ.

ಆ ನಿಯಮ ಯಾಕೆ ಬೇಕು ಎಂಬುದಕ್ಕೆ 2018ರ ನವೆಂಬರ್ ನೋಡಿ. ಓಪನ್‌ಸ್ಟ್ರೀಟ್‌ಮ್ಯಾಪ್ ಮಂಡಳಿಯ ಚುನಾವಣೆ ಹತ್ತಿರ ಬಂದಿತ್ತು. ಒಂದೇ ದಿನ, ನವೆಂಬರ್ 15ರಂದು, ನೂರು ಹೊಸ ಸದಸ್ಯರು ಒಟ್ಟಿಗೆ ನೋಂದಾಯಿಸಿಕೊಂಡರು. ನೂರೂ ಭಾರತದಿಂದ, ನೂರೂ ಒಂದೇ ಕಂಪನಿಯ ನೌಕರರು. ಕೆಲವೇ ನೂರು ಮತಗಳಲ್ಲಿ ತೀರ್ಮಾನವಾಗುವ ಚುನಾವಣೆಗೆ ನೂರು ಮತ ಅಂದರೆ ಏನೆಂದು ಸೊಸೈಟಿ ಚುನಾವಣೆ ನೋಡಿದ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮತದಾರರ ಪಟ್ಟಿ ಮುಚ್ಚುವ ಹಿಂದಿನ ವಾರ ಪಾಲು ಹಣ ಕಟ್ಟಿ ಸದಸ್ಯರ ದಂಡು ಸೇರಿಸುವ ವಿದ್ಯೆ ನಮ್ಮ ಕಡೆಯೂ ಗೊತ್ತಿದೆ. ಅಲ್ಲಿನ ಸದಸ್ಯತ್ವ ಸಮಿತಿ ಏನು ಮಾಡಿತು? ಎಲ್ಲರೂ ಸ್ವಯಂಸೇವಕರೇ, ಆದರೂ ನೋಂದಣಿಯ ವಿವರಗಳನ್ನು ಕೂತು ಪರಿಶೀಲಿಸಿ ವರದಿ ಬರೆದು, ಅದನ್ನು ಎಲ್ಲರೂ ಓದುವಂತೆ ಪ್ರಕಟಿಸಿತು. ನನಗೆ ಆ ಪ್ರಕಟಣೆ ದೊಡ್ಡದಾಗಿ ಕಾಣುತ್ತದೆ. ಹಗರಣವನ್ನು ಒಳಗೊಳಗೇ ಮುಗಿಸಿದ ಸಂಸ್ಥೆಗಳನ್ನು ನಾವು ಬೇಕಾದಷ್ಟು ಕಂಡಿದ್ದೇವೆ.

ನಿಯಮವನ್ನು ಕಟ್ಟುನಿಟ್ಟಾಗಿ ಹಿಡಿದೇ ಕೆಡಿಸಿಕೊಂಡದ್ದೂ ಉಂಟು. ಮುಕ್ತ ಪರವಾನಗಿ ಯಾವುದು ಎಂದು ತೀರ್ಪು ಕೊಡುವ ಓಪನ್ ಸೋರ್ಸ್ ಇನಿಶಿಯೇಟಿವ್ 1998ರ ಸಂಸ್ಥೆ. ಅದರ 2025ರ ಚುನಾವಣೆಗೆ ನಾಮಪತ್ರ ಸಲ್ಲಿಸಲು ಕೊನೆಯ ದಿನ ಫೆಬ್ರವರಿ 17. ಅಮೆರಿಕದ ಅಭ್ಯರ್ಥಿಯೊಬ್ಬರು ತಮ್ಮ ಊರಿನ ಗಡಿಯಾರದಲ್ಲಿ ಇನ್ನೂ 17ರ ರಾತ್ರಿಯಿರುವಾಗ ನಾಮಪತ್ರ ಕಳುಹಿಸಿದರು. ಗಡುವು ಇದ್ದದ್ದು ಅಂತರರಾಷ್ಟ್ರೀಯ ಸಮಯದ ಪ್ರಕಾರ, ತಡವಾಯಿತು ಎಂದು ನಾಮಪತ್ರ ತಿರಸ್ಕೃತವಾಯಿತು. ಆಮೇಲೆ, ಸುಧಾರಣೆ ತರುತ್ತೇವೆ ಎಂದು ಪ್ರಚಾರ ಮಾಡಿದ ಇನ್ನಿಬ್ಬರು ಅಭ್ಯರ್ಥಿಗಳು ನಿರ್ದೇಶಕರ ಒಪ್ಪಂದಕ್ಕೆ ಸಂಸ್ಥೆ ಹೇಳಿದ ರೀತಿಯಲ್ಲಿ ಸಹಿ ಹಾಕಲಿಲ್ಲ ಎಂದು, ಮತದಾನ ಮುಗಿದ ಮೇಲೆ, ಅವರನ್ನು ಎಣಿಕೆಯಿಂದಲೇ ಹೊರಗಿಟ್ಟರು. ಕಾನೂನಿನ ಪ್ರಕಾರ ಸರಿಯೋ ತಪ್ಪೋ ವಕೀಲರು ಹೇಳಲಿ. ಮತ ಬಿದ್ದ ಮೇಲೆ ಹೆಸರು ತೆಗೆಯುವ ಚುನಾವಣಾಧಿಕಾರಿಯ ಮೇಲೆ ನಂಬಿಕೆ ಉಳಿಯುವುದು ಕಷ್ಟ. ಅಂದಹಾಗೆ, ಆ ಗಡುವು ನಮ್ಮ ಗಡಿಯಾರದಲ್ಲಿ ಫೆಬ್ರವರಿ 18ರ ಬೆಳಗಿನ ಜಾವ ಐದೂವರೆ. ನಿಲ್ಲುವ ಆಸೆಯಿರುವ ವಿದ್ಯಾರ್ಥಿಗಳು ಈ ಲೆಕ್ಕ ಕಲಿತಿರಲಿ.

ಇನ್ನು ನಮ್ಮ ರಾಜ್ಯದ್ದೇ ಕಥೆಗೆ ಬರುತ್ತೇನೆ. ವಿಕಿಮೀಡಿಯಾದ ಭಾರತ ಶಾಖೆ 2011ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಯಿತು. ಯಕ್ಷಗಾನ ಸಂಘ, ಯುವಕ ಮಂಡಲ, ಭಜನಾ ಮಂಡಳಿ ಎಲ್ಲ ನೋಂದಣಿಯಾಗುವ ಅದೇ 1960ರ ಕಾಯ್ದೆ. ಸದಸ್ಯರು, ಮಹಾಸಭೆ, ಚುನಾಯಿತ ಕಾರ್ಯಕಾರಿ ಸಮಿತಿ ಎಲ್ಲವೂ ಇತ್ತು. ಸಮಿತಿಗೆ ಬಂದವರು ವಿಕಿಪೀಡಿಯದಲ್ಲಿ ಹಗಲೂ ರಾತ್ರಿ ದುಡಿದವರು. ಆದರೆ ಅಮೆರಿಕದ ಮಾತೃಸಂಸ್ಥೆಯ ಹಣ ಇಲ್ಲಿಗೆ ಬರಬೇಕಾದರೆ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ಪರವಾನಗಿ ಬೇಕು. ದತ್ತಿ ಸಂಸ್ಥೆಯೆಂಬ ನೋಂದಣಿ ಬೇಕು. ವರ್ಷವರ್ಷವೂ ವರದಿ ಸಲ್ಲಿಸಬೇಕು. 2015ರ ಹೊತ್ತಿಗೆ ಶಾಖೆ ತನ್ನ ಬಾಧ್ಯತೆಗಳನ್ನು ಪೂರೈಸಲು ತಿಣುಕುತ್ತಿತ್ತು, 2017ಕ್ಕೆ ಒಮ್ಮೆ ಚೇತರಿಸಿಕೊಂಡಿತು, ಪರವಾನಗಿಯ ಗಂಟು ಮಾತ್ರ ಬಿಚ್ಚಲಿಲ್ಲ. 2019ರ ಸೆಪ್ಟೆಂಬರಿನಲ್ಲಿ ಮಾತೃಸಂಸ್ಥೆ ಅದರ ಮಾನ್ಯತೆ ರದ್ದು ಮಾಡಿತು. ಭಾರತದಷ್ಟು ದೊಡ್ಡ ದೇಶಕ್ಕೆ ವಿಕಿಮೀಡಿಯಾ ಶಾಖೆ ಇಲ್ಲವಾಯಿತು. ಆ ಸಮಿತಿಗಳಲ್ಲಿದ್ದ ಯಾರ ನಿಷ್ಠೆಯನ್ನೂ ನಾನು ಪ್ರಶ್ನಿಸುತ್ತಿಲ್ಲ. ಕಾನೂನೂ ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತಲೇ ಹೋಯಿತು. ನಾನು ಹೇಳುವುದಿಷ್ಟೇ, ಸಂಸ್ಥೆ ಸೋತದ್ದು ಲೇಖನ ಬರೆಯುವವರು ಸಾಲದೆ ಅಲ್ಲ. ಪರವಾನಗಿ, ಲೆಕ್ಕಪತ್ರ, ನೋಂದಣಿ, ಈ ದಾರಿಯಲ್ಲೇ ಅದು ಬಸವಳಿಯಿತು.

ನಮ್ಮ ಕರಾವಳಿ ಬರೆಯುವುದರಲ್ಲಿ ಹಿಂದೆ ಬಿದ್ದಿಲ್ಲ. ಕನ್ನಡ ವಿಕಿಪೀಡಿಯದ 13ನೇ ವರ್ಷಾಚರಣೆ 2016ರ ಫೆಬ್ರವರಿಯಲ್ಲಿ ಇದೇ ಮಂಗಳೂರಿನಲ್ಲಿ ನಡೆಯಿತು. ವರ್ಷಗಟ್ಟಲೆ ಪರೀಕ್ಷಾ ತಾಣದಲ್ಲಿ ಕಾದು ಕುಳಿತಿದ್ದ ತುಳು ವಿಕಿಪೀಡಿಯ ಅದೇ ವರ್ಷದ ಆಗಸ್ಟಿನಲ್ಲಿ ಸ್ವತಂತ್ರವಾಯಿತು. ಚಂಡೀಗಢದ ಸಮ್ಮೇಳನದಲ್ಲಿ ಅದರ ಘೋಷಣೆಯಾದಾಗ ಇಲ್ಲಿನವರು ಅಲ್ಲಿದ್ದರು. ಕರಾವಳಿ ವಿಕಿಮೀಡಿಯನ್ನರ ಬಳಗ ಮಾನ್ಯತೆ ಪಡೆದ ಗುಂಪು. ಕಾಲೇಜುಗಳಲ್ಲಿ ಕಾರ್ಯಾಗಾರ, ಮಹಿಳೆಯರಿಗಾಗಿ ಸಂಪಾದನೋತ್ಸವ ಎಲ್ಲ ನಡೆದಿವೆ. ಮುನ್ನೂರು ತಿದ್ದುಪಡಿ ದಾಟಿದವರು ಈ ಸಭಾಂಗಣದಲ್ಲೇ ಕೆಲವರು ಇದ್ದಾರೆ ಎಂದು ನನ್ನ ನಂಬಿಕೆ.

ಇದರ ಪಕ್ಕದಲ್ಲೇ ನಮಗೆ ಇನ್ನೊಂದು ಪರಂಪರೆ ಇದೆ, ಮತ್ತು ಎರಡೂ ಒಂದನ್ನೊಂದು ಭೇಟಿಯಾಗಿಲ್ಲ. ಪುತ್ತೂರಿನ ಮೊಳಹಳ್ಳಿ ಶಿವರಾಯರ ಕಾಲದಿಂದ ಈ ಜಿಲ್ಲೆ ಸಹಕಾರಿ ಸಂಘಗಳ ಜಿಲ್ಲೆ. ಅಮ್ಮೆಂಬಳ ಸುಬ್ಬರಾವ್ ಪೈ 1906ರಲ್ಲಿ ಈ ಊರಿನಲ್ಲೇ ಕಟ್ಟಿದ ನಿಧಿ ಕೆನರಾ ಬ್ಯಾಂಕ್ ಆಯಿತು. ಅಡಿಕೆ ಧಾರಣೆ ಕುಸಿದಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಬೆಳೆಗಾರರು 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು, ಕರ್ನಾಟಕ ಕೇರಳ ಎರಡೂ ಕಡೆಯ ರೈತರು ಅದರ ಸದಸ್ಯರು. ಒಂದು ಗ್ರಾಮದ ಸೇವಾ ಸಹಕಾರಿ ಸಂಘದ ಮಹಾಸಭೆಗೆ ಹೋಗಿ ಕೂತು ನೋಡಿ. ಮುಂಡು ಉಟ್ಟ, ಬಗಲಲ್ಲಿ ವಾರ್ಷಿಕ ವರದಿ ಹಿಡಿದ ಹಿರಿಯರೊಬ್ಬರು ಹಿಂದಿನ ಸಾಲಿನಿಂದ ಏಳುತ್ತಾರೆ. "ಹನ್ನೆರಡನೇ ಪುಟದಲ್ಲಿ ಸುಸ್ತಿ ಸಾಲ ಹೋದ ವರ್ಷಕ್ಕಿಂತ ಜಾಸ್ತಿ ತೋರಿಸಿದ್ದೀರಿ, ಕಾದಿರಿಸಿದ ನಿಧಿ ಯಾಕೆ ಕಡಿಮೆ? ರಸಗೊಬ್ಬರದ ದಾಸ್ತಾನಿನಲ್ಲಿ ಕೊರತೆ ಅಂತ ಆಡಿಟರು ಬರೆದಿದ್ದಾರೆ, ಉತ್ತರ ಯಾರು ಕೊಡುತ್ತೀರಿ?" ಎಂದು ಕೇಳುತ್ತಾರೆ. ಅಧ್ಯಕ್ಷರು ಬೆವರು ಒರೆಸಿಕೊಂಡು ಕಾರ್ಯದರ್ಶಿಯ ಕಡೆ ನೋಡುತ್ತಾರೆ. ಆ ಹಿರಿಯರಿಗೆ ಕೋಡ್ ಬರೆಯಲು ಬಾರದು. ಆದರೆ ವರ್ಷಕ್ಕೆ ಕೋಟ್ಯಂತರ ಡಾಲರ್ ಆದಾಯವಿರುವ ವಿಕಿಮೀಡಿಯಾ ಫೌಂಡೇಶನ್ನಿನ ಲೆಕ್ಕಪತ್ರ ಕೊಟ್ಟರೂ ಅವರು ಹನ್ನೆರಡನೇ ಪುಟ ಹುಡುಕಿಯೇ ಹುಡುಕುತ್ತಾರೆ.

ನಮ್ಮ ಹುಡುಗರು ಹುಡುಗಿಯರು ಮಂಡಳಿಗೆ ನಿಂತಾಗ ಬರೆಯುವ ಅಭ್ಯರ್ಥಿ ಹೇಳಿಕೆಗಳನ್ನು ನಾನು ಓದಿದ್ದೇನೆ. ಇಷ್ಟು ವರ್ಷದಿಂದ ಕೊಡುಗೆ ನೀಡುತ್ತಿದ್ದೇನೆ, ಇಷ್ಟು ಕಾರ್ಯಾಗಾರ ನಡೆಸಿದ್ದೇನೆ, ಜಾಗತಿಕ ದಕ್ಷಿಣದ ದನಿಯಾಗುತ್ತೇನೆ. ಎಲ್ಲ ಸರಿ. ಕಳೆದ ವರ್ಷದ ಬಜೆಟ್ಟಿನಲ್ಲಿ ಯಾವ ಬಾಬತ್ತು ನಿಮಗೆ ಒಪ್ಪಿಗೆಯಿಲ್ಲ? ಕೊರತೆ ಬಂದರೆ ಮೊದಲು ಯಾವುದಕ್ಕೆ ಕತ್ತರಿ ಹಾಕುತ್ತೀರಿ? ನಿಮಗೆ ಸಂಬಳ ಕೊಡುವ ಕಂಪನಿ ಇದೇ ಸಂಸ್ಥೆಗೆ ಪ್ರಾಯೋಜಕನಾಗಿದ್ದರೆ ಆ ಠರಾವು ಬಂದಾಗ ಎದ್ದು ಹೊರಗೆ ಹೋಗುತ್ತೀರಾ? ಇಂಥದಕ್ಕೆ ಉತ್ತರವಿರುವ ಹೇಳಿಕೆ ನನಗೆ ಅಪರೂಪಕ್ಕೆ ಸಿಕ್ಕಿದೆ. ಕೊಟ್ಟಾರದಲ್ಲೋ ಮುಡಿಪುವಿನಲ್ಲೋ ಐಟಿ ಕಂಪನಿಯಲ್ಲಿ ದುಡಿಯುವವರು ಕೊನೆಯ ಪ್ರಶ್ನೆಯನ್ನು ವಿಶೇಷವಾಗಿ ಯೋಚಿಸಬೇಕು. ನಿಲ್ಲುವ ಮುಂಚೆ ಮ್ಯಾನೇಜರರಿಂದ ಲಿಖಿತ ಒಪ್ಪಿಗೆ ಪಡೆಯುವುದೂ ಜಾಣತನ.

ಕಷ್ಟ ಇಲ್ಲವೆಂದಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬೆಳಗ್ಗೆ ಒಂಬತ್ತಕ್ಕೆ ಸಭೆ ಕರೆದರೆ ನಮಗೆ ರಾತ್ರಿ ಒಂಬತ್ತೂವರೆ, ಅಲ್ಲಿ ಚಳಿಗಾಲದಲ್ಲಿ ಹತ್ತೂವರೆ. ಮಳೆಗಾಲದಲ್ಲಿ ಕರೆಂಟು ಹೋದರೆ ಕೋರಂ ತಪ್ಪೀತು. ಸಭೆಯ ಭಾಷೆ ಇಂಗ್ಲಿಷ್, ಅದೂ ವೇಗದ ಇಂಗ್ಲಿಷ್. ಇಂಥ ಅಡ್ಡಿಗಳನ್ನು ಬಾಯಿಬಿಟ್ಟು ಹೇಳಿ ಸಭೆಯ ಹೊತ್ತನ್ನು ಸರದಿಯ ಮೇಲೆ ಬದಲಿಸುವಂತೆ ಮಾಡುವುದಕ್ಕೂ ಒಳಗೆ ಒಬ್ಬರು ಬೇಕು.

ಎಲ್ಲರೂ ನೇರವಾಗಿ ಅಮೆರಿಕದ ಮಂಡಳಿಗೇ ಹಾರಬೇಕಿಲ್ಲ. ಬೆಂಗಳೂರಿನಲ್ಲಿ 2020ರಲ್ಲಿ ಶುರುವಾದ ಫಾಸ್ ಯುನೈಟೆಡ್‌ನಂಥ ಸಂಸ್ಥೆಗಳಿವೆ, ಊರಿನ ಬಳಗಗಳಿವೆ. ಅವುಗಳ ಖಜಾಂಚಿಯಾಗಿ. ಅಧ್ಯಕ್ಷಗಿರಿಗೆ ನಮ್ಮಲ್ಲಿ ಯಾವತ್ತೂ ಜನ ಸಾಲುಗಟ್ಟುತ್ತಾರೆ, ಖಜಾಂಚಿ ಹುದ್ದೆಗೆ ಒಬ್ಬರನ್ನು ಕೂರಿಸಲು ಮಹಾಸಭೆಯಲ್ಲಿ ಅರ್ಧ ಗಂಟೆ ಬೇಕು. ವೋಚರು ಬರೆದು, ಬ್ಯಾಂಕ್ ತಾಳೆ ನೋಡಿ, ಆಡಿಟರ ಮುಂದೆ ಕೂತು ಎದ್ದವರಿಗೆ ಅಂತರರಾಷ್ಟ್ರೀಯ ಮಂಡಳಿಯ ಕಡತ ಹೆದರಿಸುವುದಿಲ್ಲ.

ಆದ್ದರಿಂದ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ. ನೀವು ಕೋಡ್ ಕೊಟ್ಟಿದ್ದರೆ, ತುಳುವಿನಲ್ಲೋ ಕನ್ನಡದಲ್ಲೋ ಕೊಂಕಣಿಯಲ್ಲೋ ತಿದ್ದಿದ್ದರೆ, ನಕ್ಷೆಯಲ್ಲಿ ನಿಮ್ಮ ಓಣಿಯನ್ನು ಗುರುತಿಸಿದ್ದರೆ, ನಿಮಗೆ ಮತವಿದೆಯೇ ಎಂದು ಈ ವಾರ ನೋಡಿಕೊಳ್ಳಿ, ಇದ್ದರೆ ಈ ಸಲ ಚಲಾಯಿಸಿ. ಅಭ್ಯರ್ಥಿಗಳಿಗೆ ಹಣದ ಪ್ರಶ್ನೆ ಕೇಳಿ. ಸಂಘ ಸಂಸ್ಥೆಗಳ ಲೆಕ್ಕ ಬಲ್ಲ ಹಿರಿಯರಲ್ಲಿ ಇನ್ನೊಂದು ವಿನಂತಿ: ಈ ಮಕ್ಕಳಲ್ಲಿ ಇಬ್ಬರನ್ನು ನಿಮ್ಮ ಮುಂದಿನ ಮಹಾಸಭೆಗೆ ಕರೆದುಕೊಂಡು ಹೋಗಿ, ವಾರ್ಷಿಕ ವರದಿಯನ್ನು ಕೈಗೆ ಕೊಟ್ಟು ಹಿಂದಿನ ಸಾಲಿನಲ್ಲಿ ನಿಮ್ಮ ಪಕ್ಕ ಕೂರಿಸಿಕೊಳ್ಳಿ.